ದೊಡ್ಡಕ್ಕನ ಕಾರ್ಡು, ಮೇಸ್ತ್ರಿಯ ಮೂಗು

ಸಿಗಾರ್ ಅಂಗಡಿಯ ಒಳಕೋಣೆಯಲ್ಲಿ, ಗಾಜಿನ ಕಪಾಟುಗಳ ನಡುವಿನ ಗೋಡೆಯ ಮೇಲೆ, ನಲವತ್ತಮೂರು ಕಾರ್ಡುಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಅಂಗೈಯಗಲದ ದಪ್ಪ ಕಾಗದ. ಮೇಲೆ ಒಂದು ಸಿಗಾರಿನ ಹೆಸರು, ಅದರ ಜೊತೆ ಕುಡಿಯಬೇಕಾದ ಒಂದೇ ಒಂದು ಮದ್ಯದ ಹೆಸರು, ಕೆಳಗೆ ಎರಡು ಸಾಲಿನ ಕಾರಣ. ಗಿರಾಕಿಗಳು ಓದುವುದು ಕಾರಣಗಳನ್ನು. ಒಂದರಲ್ಲಿ ‘ಈ ಸಿಗಾರ್ ಬಾಗಿಲು ಮುಚ್ಚಿದ ಹೊಸ ಚಪ್ಪಲಿ ಅಂಗಡಿ, ರಮ್ ಬಂದು ಬಾಗಿಲು ತೆಗೆಯುತ್ತದೆ’ ಎಂದಿದೆ. ಇನ್ನೊಂದರಲ್ಲಿ ‘ಸಿಗಾರಿನದು ಗೊಣಗುವ ಸ್ವಭಾವ, ವಿಸ್ಕಿಗೆ ಕಿವಿ ಮಂದ. ಚೆನ್ನಾಗಿ ಹೊಂದಿಕೊಂಡು ಹೋಗುತ್ತವೆ’ ಎಂದಿದೆ. ಎಲ್ಲದರ ಕೊನೆಗೂ ಒಂದೇ ಸಹಿ: ದೊಡ್ಡಕ್ಕ.

ಕಾರ್ಡನ್ನು ನಂಬಿ ಕೂತವರು ಬೇಸರಪಟ್ಟುಕೊಂಡು ಎದ್ದುಹೋದದ್ದಿಲ್ಲ. ಆದರೆ ಹನ್ನೊಂದು ವರ್ಷ ಅಂಗಡಿಯವರಿಗೇ ಗೊತ್ತಿಲ್ಲದ ಸಂಗತಿಯೊಂದಿತ್ತು. ದೊಡ್ಡಕ್ಕ ಕುಡಿಯುವುದಿಲ್ಲ.

ದೊಡ್ಡಕ್ಕನಿಗೆ ಈಗ ಐವತ್ತೆಂಟು. ಹೆಸರಿಗಷ್ಟೇ ದೊಡ್ಡಕ್ಕ; ಮನೆಯಲ್ಲಿ ನಾಲ್ವರು ಹೆಣ್ಣುಮಕ್ಕಳಲ್ಲಿ ಕೊನೆಯವಳು, ಎತ್ತರದಲ್ಲಂತೂ ಅಂಗಡಿಯ ಯಜಮಾನರದೇ ಆದ ಸಿಗಾರ್ ಕಾರ್ಖಾನೆಗೇ ಚಿಕ್ಕವಳು. ಹತ್ತೊಂಬತ್ತಕ್ಕೆ ಸಿಗಾರ್ ಸುತ್ತುವ ಕೆಲಸಕ್ಕೆ ಸೇರಿದಳು. ಒದ್ದೆ ಎಲೆಯ ಮೇಲೆ ಕೈಯೊರೆಸಿದ ಮೇಲ್ವಿಚಾರಕನನ್ನು ಇಪ್ಪತ್ತರಲ್ಲೇ ಎಲ್ಲರೆದುರು ಗದರಿಸಿದ್ದರಿಂದ ಆ ಹೆಸರು ಬಂತು, ಅಂಟಿಕೊಂಡಿತು. ಇಪ್ಪತ್ತಾರು ವರ್ಷ ಸುತ್ತಿದಳು. ಒಳಗಿನ ಎಲೆಗಳನ್ನು ಮುಷ್ಟಿಯಲ್ಲಿ ಜೋಡಿಸುವುದು, ಒಂದು ಎಲೆಯಿಂದ ಅದನ್ನು ಬಿಗಿಯುವುದು, ಆಮೇಲೆ ನರವಿಲ್ಲದ ನಯವಾದ ಹೊರ ಎಲೆಯನ್ನು ಓರೆಯಾಗಿ ಸುತ್ತಿ ತುದಿಗೆ ಟೋಪಿ ಹಾಕುವುದು. ತುಂಬ ಬಿಗಿದರೆ ಹೊಗೆ ಬರುವುದಿಲ್ಲ, ಸಡಿಲ ಬಿಟ್ಟರೆ ಬಾಯಿ ಸುಡುತ್ತದೆ. ಆ ನಡುವಿನ ಹದವನ್ನು ಆಕೆಯ ಹೆಬ್ಬೆರಳುಗಳು ಬಲ್ಲವು. ಕೊನೆಗೆ ಕೈಕೊಟ್ಟದ್ದೂ ಅವೇ. ಗಂಟು ನೋವಿಗೆ ಬೆರಳು ಮಡಚಲಾಗದೆ ಕೂತಾಗ ಹಳೆಯ ಯಜಮಾನರು ಆಕೆಯನ್ನು ರುಚಿ ನೋಡುವ ಮೇಜಿಗೆ ಹಾಕಿದರು.

ಅಲ್ಲಿ ಕೆಲಸ ಇಷ್ಟೇ: ಪ್ರತಿ ಹೊಸ ಕಟ್ಟಿನಿಂದ ಒಂದು ಸಿಗಾರ್ ತೆಗೆದು, ತುದಿ ಕತ್ತರಿಸಿ, ಹಚ್ಚದೆಯೇ ಒಮ್ಮೆ ಎಳೆದು ನೋಡಬೇಕು. ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. ಮಿಕ್ಕರ್ಧಕ್ಕೆ ಹಚ್ಚಬೇಕು. ಹೊಗೆ ಎದೆಗೆ ಇಳಿಯಬಾರದು. ಬಾಯಲ್ಲೇ ಒಂದು ಸುತ್ತು ಹಾಕಿಸಿ ಬಿಟ್ಟುಬಿಡಬೇಕು. ಒಂದು ಸಿಗಾರಿನಲ್ಲಿ ಮೂರು ಪಾಲು. ಮೊದಲ ಪಾಲು ಪರಿಚಯ ಹೇಳಿಕೊಳ್ಳುತ್ತದೆ, ನಡುವಿನದು ನಿಜ ಹೇಳುತ್ತದೆ, ಕೊನೆಯದು ಜಗಳಕ್ಕೆ ಬರುತ್ತದೆ ಎನ್ನುವುದು ದೊಡ್ಡಕ್ಕನ ಲೆಕ್ಕ.

ಯಜಮಾನರು ತೀರಿಕೊಂಡ ಮೇಲೆ ಮಗಳು ಬಂದಳು. ಎಲೆಯ ಮೂಟೆಗಳ ಮೇಲೆ ಕೂತು ಶಾಲೆಯ ಮಗ್ಗಿ ಬರೆಯುತ್ತಿದ್ದ ಹುಡುಗಿ. ದೊಡ್ಡಕ್ಕ ಗಿರಾಕಿಗಳೆದುರು ‘ಮೇಡಂ’ ಎನ್ನುತ್ತಾಳೆ, ಇಲ್ಲದಾಗ ‘ಪುಟ್ಟಿ’. ಪುಟ್ಟಿ ಅಂಗಡಿಯ ಹಿಂದೆ ಮೆತ್ತನೆಯ ಕುರ್ಚಿಗಳ ಕೋಣೆ ಮಾಡಿಸಿ, ಬಾಟಲಿಗಳ ಕಪಾಟು ಇಡಿಸಿ, ಯಾವ ಸಿಗಾರಿಗೆ ಯಾವುದು ಜೊತೆ ಎಂದು ನೀವೇ ಬರೆದುಕೊಡಬೇಕು ಎಂದಳು. ಮಾದರಿ ಬಾಟಲಿಗಳನ್ನು ಚೀಲದಲ್ಲಿ ಹಾಕಿ ಮನೆಗೇ ಕೊಟ್ಟಳು. ದೊಡ್ಡಕ್ಕ ಅಂದು ಸಂಜೆ ಒಂದು ಗುಟುಕು ಕುಡಿದು ನೋಡಿದಳು. ಕಿವಿ ಕೆಂಪಾಯಿತು, ನಾಲಿಗೆ ಹತ್ತಿಯ ಹಾಗಾಯಿತು, ಆಮೇಲೆ ಒಂದು ಗಂಟೆ ಉಪ್ಪು ಸಕ್ಕರೆಗೂ ವ್ಯತ್ಯಾಸ ತಿಳಿಯಲಿಲ್ಲ. ಮರುದಿನ ಪುಟ್ಟಿಗೆ ಹೇಳಬೇಕೆಂದೇ ಹೋದಳು. ಹುಡುಗಿ ಅದಾಗಲೇ ಕಾರ್ಡು ತೂಗುಹಾಕಲು ಗೋಡೆಗೆ ಮೊಳೆ ಹೊಡೆಸುತ್ತಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆಗೆ ಹನ್ನೊಂದು ವರ್ಷವಾಯಿತು.

ಕುಡಿಯುವ ಪಾಲು ಗಂಡನದಾಗಿತ್ತು. ಆತ ಪೀಪಾಯಿ ಮೇಸ್ತ್ರಿ. ಮೂವತ್ತು ವರ್ಷ ಮರದ ಪೀಪಾಯಿ ಕಟ್ಟಿದವನು, ಅದಕ್ಕಿಂತ ಹೆಚ್ಚಾಗಿ ರಿಪೇರಿ ಮಾಡಿದವನು. ಮದ್ಯದ ಭಟ್ಟಿಗಳಿಂದ ಖಾಲಿ ಪೀಪಾಯಿಗಳು ವಾಪಸು ಬರುತ್ತಿದ್ದವು. ಮೇಸ್ತ್ರಿ ಒಂದೊಂದರ ಬಿರಡೆ ಕಿತ್ತು, ಆ ತೂತಿಗೆ ಮೂಗಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಯಾವ ಮದ್ಯ ಇತ್ತು, ಎಷ್ಟು ವರ್ಷ ಇತ್ತು, ಯಾವ ಹಲಗೆ ಹುಳಿಯಾಗಿದೆ ಎಲ್ಲ ಹೇಳುತ್ತಿದ್ದ. ಕಾರ್ಯಾಗಾರದ ಜನ ಹಿಂದಿನಿಂದ, ಪೀಪಾಯಿಗೆ ಮುತ್ತಿಕ್ಕುವವನು ಹೆಂಡತಿಗೇನು ಇಕ್ಕುತ್ತಾನೋ ಎಂದು ಚುಡಾಯಿಸುತ್ತಿದ್ದರು. ಆತ ತಲೆ ಕೆಡಿಸಿಕೊಂಡವನಲ್ಲ.

ಶುಕ್ರವಾರ ಕಾರ್ಖಾನೆಗೆ ಅರ್ಧ ದಿನ. ಮಧ್ಯಾಹ್ನ ಮೂರಕ್ಕೆ ಇಬ್ಬರೂ ಕಿಟಕಿಯ ಪಕ್ಕದ ಮೇಜಿಗೆ ಕೂರುತ್ತಿದ್ದರು. ಒಂದು ಸಿಗಾರ್, ಎರಡು ಮೂರು ಬಾಟಲಿ, ಬಾಯಿ ತೊಳೆಯಲು ನೀರು, ನಡುನಡುವೆ ಜಗಿಯಲು ಖಾಲಿ ಬ್ರೆಡ್ಡು. ಆಕೆ ಹೊಗೆ ಎಳೆದು ಕಂಡದ್ದನ್ನು ಹೇಳುವಳು: ಪೆನ್ಸಿಲ್ ಚೆಕ್ಕಿದ ವಾಸನೆ, ಮಳೆ ನಿಂತ ಮೇಲಿನ ಗೋದಾಮು, ತಳ ಹತ್ತಿದ ಹಾಲು. ಆತ ಗುಟುಕು ಕುಡಿದು ಕಂಡದ್ದನ್ನು ಹೇಳುವನು. ಸಿಗಾರು, ಮದ್ಯ ಇವೆರಡರಲ್ಲಿ ಒಂದು ಮಾತಾಡುವಾಗ ಇನ್ನೊಂದು ಸುಮ್ಮನಿರಬೇಕು; ಎರಡೂ ಒಟ್ಟಿಗೆ ಬಾಯಿ ತೆಗೆದರೆ ಆ ಬಾಟಲಿ ಆಚೆ. ಕೊನೆಗೆ ಆತ ಅವಳ ಸಿಗಾರಿನಿಂದ ಒಂದೇ ಒಂದು ಸಲ ಹೊಗೆ ಎಳೆದು, ಮೇಲೊಂದು ಗುಟುಕು ಕುಡಿದು, “ಕೂತಿತು” ಎನ್ನುವನು. ಆಗ ಆಕೆ ಕಾರ್ಡು ಬರೆಯುವಳು. ಮದುವೆಯಾಗಿ ಮೂವತ್ತನಾಲ್ಕು ವರ್ಷ. ಉಳಿದ ಆರು ದಿನ ಅವರ ಮಾತು ಗ್ಯಾಸ್ ಬಂತಾ, ಮೋಟಾರ್ ಆಫ್ ಮಾಡಿದ್ರಾ ಎನ್ನುವಲ್ಲಿಗೆ ಮುಗಿಯುತ್ತಿತ್ತು. ಶುಕ್ರವಾರ ಮಾತ್ರ ಎರಡು ಗಂಟೆ ಮಾತಾಡುತ್ತಿದ್ದರು.

ಒಂದು ಸೋಮವಾರ ಮೇಸ್ತ್ರಿಯ ರಕ್ತ ಪರೀಕ್ಷೆಯ ವರದಿ ಬಂತು. ಆಸ್ಪತ್ರೆಗೆ ಜೊತೆಗೆ ಹೋದವಳು ನಾದಿನಿ. ಮೇಸ್ತ್ರಿಯ ತಂಗಿ, ಕೆಳಗಿನ ಮನೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಲೋಕದ ಆಗುಹೋಗು ವಿಚಾರಿಸುವವಳು. ಮೆಟ್ಟಿಲು ಹತ್ತಿ ಬಂದವಳು ಸೂಜಿ ತೆಗೆದು ಕೈಯಲ್ಲಿ ಹಿಡಿದುಕೊಂಡಾಗಲೇ ವಿಷಯ ದೊಡ್ಡದು ಎಂದು ತಿಳಿಯಿತು.

“ಅತ್ತಿಗೆ, ಲಿವರ್ ಊದಿದೆಯಂತೆ. ಇನ್ಮೇಲೆ ನಿಮ್ಮ ಶುಕ್ರವಾರ ಬಂದ್. ಒಂದು ತೊಟ್ಟು ಇಲ್ಲ, ಒಂದು ದಮ್ಮೂ ಇಲ್ಲ. ಏನಾದ್ರೂ ಆದ್ರೆ ಡಾಕ್ಟ್ರು ನನ್ನನ್ನ ಕೇಳ್ತಾರೆ.”

“ನಿನ್ನನ್ನ ಯಾಕೆ ಕೇಳ್ತಾರೆ?”

“ನಾನೇ ಜವಾಬ್ದಾರಿ ಅಂತ ಹೇಳಿ ಬಂದಿದೀನಿ.”

ಮೇಸ್ತ್ರಿ ಚಪ್ಪಲಿ ಬಿಡುತ್ತ, ತನ್ನ ಲಿವರಿಗೆ ಇಷ್ಟು ಜನ ದಿಕ್ಕಿದ್ದಾರೆಂದು ಗೊತ್ತೇ ಇರಲಿಲ್ಲ ಎಂದ. ಇಬ್ಬರೂ ನಗಲಿಲ್ಲ.

ಅದೇ ವಾರ ಬುಧವಾರ ಪುಟ್ಟಿ ದೊಡ್ಡಕ್ಕನನ್ನು ಒಳಗೆ ಕರೆದಳು. ಊರಿನ ದೊಡ್ಡ ಹೋಟೆಲೊಂದು ತನ್ನ ಬಾರಿಗೆ ಕಾರ್ಖಾನೆಯ ಹೊಸ ಸಿಗಾರನ್ನು ಒಯ್ಯುವುದಾಗಿ ಹೇಳಿತ್ತು. ಕಪ್ಪು ಹೊರ ಎಲೆಯ, ಭಾರದ ಸಿಗಾರ್. ಕಾರ್ಖಾನೆಯಲ್ಲಿ ಎಲ್ಲರೂ ‘ಕರಿಯ’ ಎನ್ನುತ್ತಿದ್ದರು. ಅದಕ್ಕೆ ಜೊತೆ ಯಾವುದು ಎಂದು ದೊಡ್ಡಕ್ಕ ಕಾರ್ಡು ಬರೆಯಬೇಕು. ಮುಂದಿನ ವಾರವಲ್ಲ, ಅದರ ಮುಂದಿನ ವಾರದ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮ್ಯಾನೇಜರ್ ತನ್ನದೇ ಬಾಟಲಿಗಳೊಂದಿಗೆ ಬಂದು ಎದುರಿಗೇ ನೋಡುತ್ತಾನೆ. ಹೋಟೆಲಿನಲ್ಲಿ ಇದನ್ನೇ ಕಲಿತು ಬಂದ ಒಬ್ಬ ತಜ್ಞನಿದ್ದಾನೆ. ದೊಡ್ಡಕ್ಕನದು ಸರಿಬೀಳದಿದ್ದರೆ ಇನ್ನು ಮುಂದೆ ಜೋಡಿ ಹೇಳುವ ಕೆಲಸವನ್ನೆಲ್ಲ ಅವನಿಗೇ ಒಪ್ಪಿಸೋಣ ಎನ್ನುವುದು ಅವರ ಕರಾರು. ಪುಟ್ಟಿ ಇದನ್ನು ನಗುತ್ತಲೇ ಹೇಳಿದಳು. ಆಕೆಗೆ ಅನುಮಾನವೇ ಇರಲಿಲ್ಲ.

ಸಂಜೆ ಬಸ್ಸಿನಲ್ಲಿ ನಿಂತು ಬರುವಾಗ ದೊಡ್ಡಕ್ಕ ಯೋಚಿಸಿದ್ದು ಕೆಲಸದ ಬಗ್ಗೆ ಅಲ್ಲ. ಹೊಸ ಕಟ್ಟು ಪರೀಕ್ಷಿಸುವ ಕೆಲಸ ಹೇಗೂ ಇರುತ್ತದೆ. ಕಾರ್ಡು ಹೋದರೆ ಶುಕ್ರವಾರದ ಮೇಜು ಹೋಗುತ್ತದೆ. ಗಂಡ ಮತ್ತೆ ಯಾವತ್ತಾದರೂ ಅಲ್ಲಿ ಕೂತಾನೋ ಇಲ್ಲವೋ, ಆ ಜಾಗವನ್ನು ಅಲ್ಲಿಯವರೆಗೆ ಹಿಡಿದಿಟ್ಟಿರಬೇಕು ಎನ್ನುವುದೊಂದೇ ಆಕೆಯ ತಲೆಯಲ್ಲಿತ್ತು. ಈ ಒಂದು ಕಾರ್ಡು ತಾನೊಬ್ಬಳೇ ಬರೆದುಬಿಡುವುದೆಂದು ತೀರ್ಮಾನಿಸಿದಳು.

ಮೊದಲು ಬಾಟಲಿಗಳು ಆತನ ಕಣ್ಣಿಗೆ ಬೀಳಬಾರದು. ಮನೆಯಲ್ಲಿದ್ದ ಕಪಾಟು ಎರಡು. ಒಂದು ಬಟ್ಟೆಯದು, ಆತ ದಿನಾ ತೆಗೆಯುವುದು. ಇನ್ನೊಂದು ಆಕೆಯ ಸಿಗಾರಿನದು: ದೇವದಾರು ಹಲಗೆಯ, ಒಳಗೆ ತೇವ ಕಾಪಾಡುವ, ಬೀಗವಿರುವ ಸಣ್ಣ ಕಪಾಟು. ಆತನೇ ಮಾಡಿಕೊಟ್ಟದ್ದು, ಆದರೆ ಅದನ್ನು ಆತ ತೆಗೆದವನಲ್ಲ. ದೊಡ್ಡಕ್ಕ ಪುಟ್ಟಿ ಅಂಗಡಿಯ ಕಪಾಟಿನಿಂದ ಕೊಟ್ಟುಕಳಿಸಿದ, ಆಗಲೇ ಬಿರಡೆ ಬಿಚ್ಚಿದ್ದ ಆರೂ ಬಾಟಲಿಗಳನ್ನು ಕೆಳಗಿನ ಖಾನೆಯಲ್ಲಿ ನಿಲ್ಲಿಸಿ, ಮೇಲಿನ ಖಾನೆಯಲ್ಲಿ ಕರಿಯನ ಹತ್ತು ಮಾದರಿಗಳನ್ನು ಬಿಡಿಯಾಗಿ ಹರಡಿ, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೂವತ್ತೊಂಬತ್ತು ವರ್ಷ ಈ ಎಲೆಯ ಜೊತೆ ಬಾಳಿದವಳು ಆಕೆ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಪಾಠ ಹೇಳುವವಳೂ ಆಕೆಯೇ: ತಂಬಾಕು ಪಕ್ಕದಲ್ಲಿ ಏನಿದ್ದರೂ ಅದನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಸೆಂಟು ಹಾಕಿಕೊಂಡು ಬರಬೇಡಿ, ಕಿತ್ತಳೆ ಸುಲಿಯಬೇಡಿ, ಸಾಬೂನಿನ ಕೈಯಲ್ಲಿ ಮುಟ್ಟಬೇಡಿ. ಅಂಥವಳು ಬೀಗ ಹಾಕುವಾಗ ಗಂಡನ ಲಿವರಿನ ಬಗ್ಗೆ ಮಾತ್ರ ಯೋಚಿಸುತ್ತಿದ್ದಳು.

ಆತ ಬೆಳಿಗ್ಗೆ ವಾಕಿಂಗ್ ಹೋದಾಗ ಅಡುಗೆಮನೆಯಲ್ಲಿ ನಿಂತು ಪ್ರಯೋಗ ಮಾಡುತ್ತಿದ್ದಳು. ದಿನಕ್ಕೊಂದೇ ಬಾಟಲಿ, ಒಂದೇ ಚಮಚ, ಏಕೆಂದರೆ ಆಮೇಲೆ ನಾಲಿಗೆ ಸತ್ತಂತೆ. ಆತ ಮನೆಯಲ್ಲೇ ಉಳಿದ ದಿನ ಅದೂ ಇಲ್ಲ. ಮೊದಲ ಐದು ಬಾಟಲಿಗಳಲ್ಲಿ ಯಾವುದೂ ಹೊಂದಲಿಲ್ಲ. ವಿಸ್ಕಿಗಳು ಸಿಗಾರನ್ನು ತುಳಿದವು, ಬ್ರಾಂಡಿ ಎಲ್ಲೋ ದೂರದಲ್ಲಿ ನಿಂತಿತು. ಎಂಟು ದಿನ ಕಪಾಟಿನಲ್ಲಿದ್ದ ಸಿಗಾರ್ ತೆಗೆದು ಆರನೆಯದಾಗಿ ಕಪ್ಪು ರಮ್ ಚಮಚಕ್ಕೆ ಸುರಿದ ದಿನ ಮಾತ್ರ ಕಿವಿ ಕೆಂಪಾಗುವ ಮೊದಲೇ ಗೊತ್ತಾಯಿತು. ಎರಡೂ ಒಂದರೊಳಗೊಂದು ಸೇರಿಕೊಂಡವು. ಇಷ್ಟು ಸಲೀಸಾಗಿ ಯಾವ ಜೋಡಿಯೂ ಕೂತದ್ದು ನೆನಪಿರಲಿಲ್ಲ. ಅಂದೇ ಕಾರ್ಡು ಬರೆದಳು: ‘ಇವು ಮೊದಲಿನಿಂದಲೂ ಒಂದೇ ಮನೆಯಲ್ಲಿದ್ದವು.’

ಆ ವಾರದ ಶುಕ್ರವಾರ, ಮೂರು ಗಂಟೆಗೆ ಮೇಸ್ತ್ರಿ ಕಿಟಕಿಯ ಪಕ್ಕದ ಮೇಜಿಗೆ ಬಂದು ಕೂತ. ದೊಡ್ಡಕ್ಕ ಆತನೆದುರು ಪತ್ರಿಕೆ ಇಟ್ಟು, ಬಟ್ಟೆ ಒಗೆಯುವುದಿದೆ ಎಂದು ಹಿತ್ತಿಲಿಗೆ ಹೋದಳು. ಹಿಂದಿನ ಶುಕ್ರವಾರವೂ ಹಾಗೆಯೇ ಮಾಡಿದ್ದಳು.

ಗುಟ್ಟು ಬಯಲಾದದ್ದು ಮುಂದಿನ ಗುರುವಾರ, ಹೋಟೆಲಿನವರು ಬರಲು ಎರಡು ದಿನವಿರುವಾಗ. ನಾದಿನಿ ತಾನು ಹೊಲಿದ ಪರದೆಗಳನ್ನು ಹಾಕಲು ಮೇಲೆ ಬಂದಿದ್ದಳು. ಸ್ಟೂಲಿನ ಮೇಲೆ ನಿಂತವಳು ಕತ್ತು ತಿರುಗಿಸಿ ಗಾಳಿ ಮೂಸಿದಳು. ಕೆಳಗಿಳಿದು ಅಣ್ಣನ ಮುಂದೆ ನಿಂತು ಬಾಯಿ ತೆಗೆಯಲು ಹೇಳಿದಳು. ಆತ ದೊಡ್ಡದಾಗಿ ಆ ಎಂದು ತೆಗೆದ. ಬರೀ ಹಲ್ಲುಪುಡಿ. ಹಾಗಾದರೆ ಮನೆಯೆಲ್ಲ ರಮ್ಮಿನ ವಾಸನೆ ಯಾಕೆ ಎಂದು ಆಕೆ ದಬಾಯಿಸಿದಳು. ಮೇಸ್ತ್ರಿಗೂ ಆಗಲೇ ಗಮನಕ್ಕೆ ಬಂದದ್ದು. ದಿನವೂ ಅದರಲ್ಲೇ ಇದ್ದವನಿಗೆ ಗೊತ್ತಾಗಿರಲಿಲ್ಲ. ಎದ್ದು ಕೋಣೆಯ ಸುತ್ತ ಗೋಡೆ ಹಿಡಿದು ನಡೆದ, ಹಳೆಯ ಕಾರ್ಯಾಗಾರದಲ್ಲಿ ಪೀಪಾಯಿಗಳ ಸಾಲಿನ ಮುಂದೆ ನಡೆಯುತ್ತಿದ್ದ ಹಾಗೆ. ದೇವದಾರು ಕಪಾಟಿನ ಮುಂದೆ ನಿಂತ. ಬೀಗದ ತೂತಿಗೆ ಮೂಗಿಟ್ಟು ಕಣ್ಣು ಮುಚ್ಚಿದ.

ದೊಡ್ಡಕ್ಕ ಐದು ಗಂಟೆಗೆ ಬಂದಾಗ ಅಣ್ಣ ತಂಗಿ ಇಬ್ಬರೂ ಕಪಾಟಿನ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದರು. ಆತ ಕೀಲಿಗೆ ಕೈ ಚಾಚಿದ. ಬಾಗಿಲು ತೆಗೆದಾಗ ರಮ್ಮಿನ ಬಾಟಲಿಯ ಬಿರಡೆ ಸಡಿಲವಾಗಿ ಓರೆಗೆ ಕೂತಿರುವುದು ಕಂಡಿತು. ಮೇಸ್ತ್ರಿ ಮೇಲಿನ ಖಾನೆಯಿಂದ ಒಂದು ಸಿಗಾರ್ ತೆಗೆದು ಮೂಗಿನಡಿ ಉದ್ದಕ್ಕೆ ಎಳೆದುಕೊಂಡ.

“ನಾನು ಕುಡೀದೆ ಬಿಟ್ಟಿದ್ದನ್ನ ನಿನ್ನ ಸಿಗಾರು ಕುಡಿದಿದೆ ಕಣೇ.”

ದೊಡ್ಡಕ್ಕ ಅಲ್ಲೇ ನೆಲದ ಮೇಲೆ ಕೂತಳು. ರಮ್ ಅಷ್ಟು ಚೆನ್ನಾಗಿ ಹೊಂದಿದ್ದು ಯಾಕೆಂದು ಈಗ ಬಿಡಿಸಿ ಹೇಳುವವರು ಬೇಕಿರಲಿಲ್ಲ. ಸಿಗಾರಿನೊಳಗೆ ಆಗಲೇ ರಮ್ ಇತ್ತು. ಹೋಟೆಲಿನವರ ಮುಂದೆ ಕಾರ್ಖಾನೆಯ ಸ್ವಚ್ಛ ಸಿಗಾರ್ ಹಚ್ಚಿ, ಮೇಲೆ ಈ ರಮ್ ಕೊಟ್ಟಿದ್ದರೆ ಎರಡೂ ಹೊಡೆದಾಡುತ್ತಿದ್ದವು. ಚೀಲದಿಂದ ಕಾರ್ಡು ತೆಗೆದು ಗಂಡನ ಕೈಗಿಟ್ಟಳು. ಆತ ಎರಡು ಸಲ ಓದಿದ. ತಮಾಷೆ ಮಾಡುತ್ತಾನೆಂದುಕೊಂಡಿದ್ದಳು, ಮಾಡಲಿಲ್ಲ.

“ಇದನ್ನ ಒಬ್ಬಳೇ ಬರೆದ್ಯಾ?”

“ಬಾಟ್ಲಿ ನೋಡಿದ್ರೆ ನಿಮಗೆ ಆಸೆ ಆಗತ್ತೇನೋ ಅಂತ ಮುಚ್ಚಿಟ್ಟೆ ರೀ.”

“ಬಾಟ್ಲಿ ಕಾಣ್ಲಿಲ್ಲ ಅಂತ ನಂಗೇನೂ ಬೇಜಾರಾಗ್ಲಿಲ್ಲ. ಎರಡು ಶುಕ್ರವಾರ ನೀನೇ ಕಾಣ್ಲಿಲ್ಲ.”

ನಾದಿನಿ ಈ ಮಾತು ಕೇಳಿ ಪರದೆಯ ಮಡಿಕೆ ಸರಿಮಾಡಲು ಎದ್ದುಹೋದಳು.

ಆಮೇಲೆ ಮೇಸ್ತ್ರಿಯೇ ದಾರಿ ಹೇಳಿದ. ಮೂವತ್ತು ವರ್ಷ ತಾನು ಪೀಪಾಯಿಯೊಳಗಿನದನ್ನು ಕುಡಿದು ಹೇಳುತ್ತಿದ್ದನೇ? ಪೀಪಾಯಿಗಳು ಬರುತ್ತಿದ್ದದ್ದೇ ಖಾಲಿ. ರಮ್ಮನ್ನು ಒಂದು ಗ್ಲಾಸಿಗೆ ಸುರಿದು, ಸುತ್ತ ತಿರುಗಿಸಿ, ಅಷ್ಟನ್ನೂ ಬಚ್ಚಲಿಗೆ ಚೆಲ್ಲುವಂತೆ ಹೆಂಡತಿಗೆ ಹೇಳಿದ. ಹತ್ತು ನಿಮಿಷ ಕಾದ. ಗ್ಲಾಸಿನ ಗೋಡೆ ಒಣಗಿದ ಮೇಲೆ ಮೂಗಿಟ್ಟು ಒಂದೊಂದಾಗಿ ಹೇಳತೊಡಗಿದ: ಸುಟ್ಟ ಮರ, ಬೆಲ್ಲದ ಗೋಣಿ, ಮೂಲೆಯಲ್ಲಿ ಸ್ವಲ್ಪ ಹಳೇ ಹಗ್ಗ. ಅಮಲು ಹಾರಿಹೋದ ಮೇಲೆ ಉಳಿಯುವುದು ಮರ, ಮರ ಸುಳ್ಳು ಹೇಳುವುದಿಲ್ಲ ಎಂದ. ನಾದಿನಿ ಕೆಳಗಿಳಿದು ಡಾಕ್ಟರಿಗೆ ಫೋನ್ ಮಾಡಿ, ಖಾಲಿ ಗ್ಲಾಸು ಮೂಸಬಹುದೇ ಎಂದು ಕೇಳಿದಳು. ಡಾಕ್ಟರು ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿಕೊಂಡು, ನಕ್ಕು, ಮೂಸಲಿ ಎಂದರಂತೆ.

ಶುಕ್ರವಾರ ಬೆಳಿಗ್ಗೆ ದೊಡ್ಡಕ್ಕ ಪುಟ್ಟಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹನ್ನೊಂದು ವರ್ಷದ್ದನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಿದಳು. ಪುಟ್ಟಿ ಕಿಟಕಿಯ ಕಡೆ ತಿರುಗಿಕೊಂಡಳು.

“ನಾನು ಬಂದವರಿಗೆಲ್ಲ ಹೇಳ್ಕೊಂಡು ಬಂದಿದೀನಿ ದೊಡ್ಡಕ್ಕ. ನಮ್ಮ ಮನೆಯವಳು, ಇಂಥ ನಾಲಿಗೆ ಎಲ್ಲೂ ಇಲ್ಲ ಅಂತ.”

“ಅರ್ಧ ನಿಜ ಪುಟ್ಟಿ.”

“ನನಗೆ ಹೇಳೋಕೇನಾಗಿತ್ತು?”

ಅವತ್ತು ನೀನು ಮೊಳೆ ಹೊಡೆಸುತ್ತಿದ್ದೆ ಎಂದಳು ದೊಡ್ಡಕ್ಕ. ಪುಟ್ಟಿಗೆ ನಗು ಬಂದರೂ ತೋರಿಸಲಿಲ್ಲ. ಶನಿವಾರ ಇಬ್ಬರೂ ಬನ್ನಿ, ಇದ್ದದ್ದನ್ನು ಇದ್ದ ಹಾಗೆ ಹೇಳೋಣ, ಅವರು ಒಪ್ಪದಿದ್ದರೆ ಕಾರ್ಡು ಆ ತಜ್ಞನಿಗೆ ಹೋಗುವುದನ್ನು ತಾನು ತಡೆಯಲಾರೆ ಎಂದಳು. ಬಾಗಿಲ ಬಳಿ ಬಂದಾಗ, ಎರಡನೇ ಕುರ್ಚಿ ಎತ್ತರದ್ದು ಬೇಕೋ ತಗ್ಗಿನದೋ ಎಂದು ಕೇಳಿದಳು. ಎತ್ತರದ್ದು ಎಂದಳು ದೊಡ್ಡಕ್ಕ.

ಶನಿವಾರ ಹೋಟೆಲಿನ ಮ್ಯಾನೇಜರ್ ಆರು ಬಾಟಲಿಗಳೊಂದಿಗೆ ಬಂದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಪುಟ್ಟಿ ವಿಷಯ ಹೇಳಿದಾಗ ಮೇಸ್ತ್ರಿಯನ್ನು ಮೇಲಿಂದ ಕೆಳಗೆ ನೋಡಿದ. ಕುಡಿಯದವರಿಬ್ಬರು ತನ್ನ ಬಾರಿಗೆ ಮದ್ಯ ಆರಿಸುತ್ತಾರೋ ಎಂದು ಕೇಳಿದ. ಆರಿಸಿದ ಮೇಲೆ ನೀವೇ ಕುಡಿದು ನೋಡಿ, ನಿಮಗೇನೂ ಡಾಕ್ಟರು ಬೇಡ ಅಂದಿಲ್ಲವಲ್ಲ ಎಂದ ಮೇಸ್ತ್ರಿ.

ಬಾಯಿ ಕಿರಿದಾದ ಆರು ಗ್ಲಾಸುಗಳಿಗೆ ಸುರಿದು, ತಿರುಗಿಸಿ, ಚೆಲ್ಲಿದರು. ಯಾವುದು ಯಾವುದೆಂದು ಮ್ಯಾನೇಜರಿಗೆ ಮಾತ್ರ ಗೊತ್ತಿತ್ತು. ಗ್ಲಾಸು ಒಣಗುವಷ್ಟರಲ್ಲಿ ದೊಡ್ಡಕ್ಕ ಕಾರ್ಖಾನೆಯಿಂದ ತಂದ ಹೊಸ ಕರಿಯನ ತುದಿ ಕತ್ತರಿಸಿ, ಹಚ್ಚದೆ ಎಳೆದಳು. ಆಮೇಲೆ ಹಚ್ಚಿದಳು. ಗಂಡ ಹೆಂಡತಿ ಎದುರುಬದುರಾಗಿ ಕೂತರು. ಸ್ವಲ್ಪ ಹೊತ್ತಿನಲ್ಲೇ ಇತರರು ಕೋಣೆಯಲ್ಲಿರುವುದು ಇಬ್ಬರಿಗೂ ಮರೆತಂತಿತ್ತು.

ಮೊದಲ ಪಾಲಿನಲ್ಲಿ ದೊಡ್ಡಕ್ಕನಿಗೆ ಒಣಗಿದ ಚರ್ಮ, ತೊಳೆದ ಸ್ಲೇಟು ಸಿಕ್ಕವು. ಮೇಸ್ತ್ರಿ ಒಂದು ಗ್ಲಾಸು ಮೂಸಿ ದೂರ ತಳ್ಳಿದ: ಇದು ರಮ್, ಕರಿಯನ ಮೇಲೆ ಸಕ್ಕರೆ ಸುರಿದಂತಾಗುತ್ತದೆ. ಎರಡನೆಯದನ್ನು ಮೂಸಿ, ಹೊಗೆ ಹಿಡಿದ ವಿಸ್ಕಿ, ಇವೆರಡೂ ಒಟ್ಟಿಗೇ ಮಾತಾಡುತ್ತವೆ ಎಂದ. ನಡುವಿನ ಪಾಲು ಬಂತು. ಆಕೆ ಹೊಗೆಯನ್ನು ಬಾಯಲ್ಲೇ ನಿಲ್ಲಿಸಿ ಹುಬ್ಬು ಗಂಟಿಕ್ಕಿದಳು.

“ಕಹಿ ಇದೆ ರೀ. ಕೆಟ್ಟ ಕಹಿ ಅಲ್ಲ. ಬೀಜ ಹುರಿದ ಬಾಣಲೆ ತೊಳೆಯೋಕೆ ಮುಂಚೆ ಇರತ್ತಲ್ಲ, ಅದು.”

“ಕೊನೇಲಿ ಒಣಗತ್ತಾ?”

“ಒಣಗತ್ತೆ. ಯಾರಾದ್ರೂ ನೀರು ಕೊಡ್ಲಿ ಅನ್ನೋ ಹಾಗೆ.”

ಮೇಸ್ತ್ರಿ ನಾಲ್ಕನೇ ಗ್ಲಾಸನ್ನು ಮತ್ತೆ ಮೂಸಿದ. ಐದನೆಯದನ್ನು ಮೂಸಿ ಬಿಟ್ಟ. ಪುನಃ ನಾಲ್ಕಕ್ಕೆ ಬಂದ. ಸೇಬಿನ ಹಣ್ಣು ಇಟ್ಟ ಮರದ ಪೆಟ್ಟಿಗೆ ಎಂದ, ಹಣ್ಣು ಖಾಲಿಯಾಗಿ ಒಂದು ವಾರವಾಗಿದೆ, ಪೆಟ್ಟಿಗೆ ಮಾತ್ರ ಇದೆ. ದೊಡ್ಡಕ್ಕ ತಲೆಯೆತ್ತಿದಳು. ಸ್ಲೇಟು, ಬಾಣಲೆ, ಬಾಯಾರಿಕೆ. ಅದರ ಪಕ್ಕಕ್ಕೆ ಹಣ್ಣಿನ ಖಾಲಿ ಪೆಟ್ಟಿಗೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಇನ್ನು ಉಳಿದದ್ದು ಕೊನೆಯ ಪರೀಕ್ಷೆ. ಅದನ್ನು ಹನ್ನೊಂದು ವರ್ಷ ಆತ ಮಾಡಿದ್ದ. ಈಗ ಆಕೆಯೇ ಮಾಡಬೇಕು, ಮತ್ತು ಆಕೆಯ ನಾಲಿಗೆಗೆ ಇದ್ದದ್ದು ಒಂದೇ ಗುಟುಕಿನ ಆಯುಷ್ಯ. ನಾಲ್ಕನೆಯದು ತಪ್ಪಾದರೆ ಐದನೆಯದನ್ನು ನೋಡುವ ಹಾಗಿಲ್ಲ. ಮ್ಯಾನೇಜರ್ ನಾಲ್ಕನೇ ಬಾಟಲಿಯಿಂದ ಸ್ವಲ್ಪ ಸುರಿದುಕೊಟ್ಟ. ಸೇಬಿನ ಬ್ರಾಂಡಿ, ಆರರಲ್ಲಿ ಅತಿ ಸಾಧಾರಣವಾದದ್ದು. ದೊಡ್ಡಕ್ಕ ಗ್ಲಾಸು ಎತ್ತಿದಳು.

“ತಡಿ,” ಎಂದ ಮೇಸ್ತ್ರಿ. “ಇನ್ನೊಂದು ಸಲ ಎಳ್ಕೊ. ಹೊಗೆ ಬಿಡು. ಬಾಯಿ ಒಣಗ್ಲಿ. ಹಾ, ಈಗ.”

ಆಕೆ ಕುಡಿದಳು. ಕಿವಿಯ ತುದಿ ಕೆಂಪಾಗುವುದನ್ನು ಕೋಣೆಯಲ್ಲಿದ್ದವರೆಲ್ಲ ನೋಡಿದರು. ಕಣ್ಣಲ್ಲಿ ನೀರು ಬಂತು. ಗುಟುಕು ಇಳಿದ ಮೇಲೂ ಬಾಯಿ ಮುಚ್ಚಿಕೊಂಡೇ ಇದ್ದಳು. ಪುಟ್ಟಿ ಮೇಜಿನ ಅಂಚು ಹಿಡಿದುಕೊಂಡಿದ್ದಳು.

“ಕೂತಿತು,” ಎಂದಳು ದೊಡ್ಡಕ್ಕ. ಅದು ಗಂಡನ ಮಾತು. ಮೊದಲ ಸಲ ಆಕೆಯ ಬಾಯಿಂದ ಬಂದಿತ್ತು.

ಮ್ಯಾನೇಜರ್ ತಾನೇ ಒಂದು ಕರಿಯನನ್ನು ಹಚ್ಚಿ, ಅವಸರವಿಲ್ಲದೆ ಸೇದಿ, ಬ್ರಾಂಡಿ ಕುಡಿದ. ಮತ್ತೊಮ್ಮೆ ಸೇದಿದ, ಮತ್ತೊಮ್ಮೆ ಕುಡಿದ. ತಾನು ತಂದದ್ದರಲ್ಲಿ ದುಬಾರಿ ವಿಸ್ಕಿಯೇ ಗೆಲ್ಲುತ್ತದೆಂದು ತಮ್ಮ ತಜ್ಞ ಹೇಳಿ ಕಳಿಸಿದ್ದ, ಅದನ್ನೂ ನೋಡುತ್ತೇನೆ ಎಂದು ನೋಡಿದ. ಅರ್ಧ ಗಂಟೆ ಕಳೆದ ಮೇಲೆ ಒಂದು ಅನುಮಾನವಿದೆ ಎಂದ. ಗೋಡೆಯ ಕಾರ್ಡುಗಳ ಮೇಲೆ ಒಂದೇ ಸಹಿ ಯಾಕೆ?

ಕರಿಯನ ಕಾರ್ಡು ಈಗ ಹೋಟೆಲಿನ ಬಾರಿನಲ್ಲಿದೆ. ‘ಹಣ್ಣು ಮುಗಿದ ಪೆಟ್ಟಿಗೆ, ತೊಳೆಯದ ಬಾಣಲೆ. ಎರಡೂ ಖಾಲಿ, ಆದ್ದರಿಂದ ಜಗಳವಿಲ್ಲ’ ಎಂದು ಬರೆದಿದೆ. ಕೆಳಗೆ ‘ದೊಡ್ಡಕ್ಕ, ಮೇಸ್ತ್ರಿ’ ಎಂದಿದೆ. ಅಂಗಡಿಯ ಗೋಡೆಯ ಮೇಲಿನ ನಲವತ್ತಮೂರನ್ನೂ ಪುಟ್ಟಿ ಕೆಳಗಿಳಿಸಿ, ಒಂದೊಂದರ ಮೇಲೂ ಎರಡನೇ ಸಹಿ ಹಾಕಿಸಿದಳು. ಮೇಸ್ತ್ರಿ ಹತ್ತನೆಯದಕ್ಕೇ ಕೈ ನೋಯುತ್ತದೆ ಎಂದು ಗೊಣಗಿದ.

ಮುಂದಿನ ಶುಕ್ರವಾರ ಮೂರಕ್ಕೆ ಕಿಟಕಿ ತೆರೆಯಿತು. ಬಾಟಲಿಗಳು ಬಟ್ಟೆಯ ಕಪಾಟಿನ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ. ದೇವದಾರು ಕಪಾಟನ್ನು ಮೇಸ್ತ್ರಿ ಒಳಗೆಲ್ಲ ಮರಳುಕಾಗದ ಹಾಕಿ ತಿಕ್ಕಿ ಬಿಸಿಲಿಗಿಟ್ಟಿದ್ದ. ಮೇಜಿನ ಮೇಲೆ ಒಣಗುತ್ತಿರುವ ಮೂರು ಗ್ಲಾಸುಗಳು. ದೊಡ್ಡಕ್ಕನಿಗೆ ಒಂದೇ ಚಿಂತೆಯಿತ್ತು: ವಾರಕ್ಕೊಮ್ಮೆ ಆ ಕೊನೆಯ ಗುಟುಕು ಕುಡಿದರೆ ಕಿವಿ ಸುಟ್ಟು, ಕಾರ್ಡು ಬರೆಯುವಷ್ಟರಲ್ಲಿ ತಲೆ ತಿರುಗುತ್ತದೆ.

ಅಣ್ಣನ ಕಾವಲಿಗೆಂದು ನಾದಿನಿ ಹೊಲಿಗೆ ಹಿಡಿದು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಆರಿಸಿದ ಗ್ಲಾಸನ್ನು ಅತ್ತಿಗೆ ಮೂರು ಸಲ ಎತ್ತಿ ಮೂರು ಸಲ ಇಳಿಸಿದ್ದನ್ನು ನೋಡಿದಳು. ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿಮೆತ್ತೆಗೆ ಚುಚ್ಚಿದಳು.

“ಒಂದು ಚಮಚ ತಾನೇ ಅತ್ತಿಗೆ. ಇಲ್ಲಿ ಕೊಡಿ. ಆ ಚುರುಟನ್ನೂ ಕೊಡಿ.”

ಮೇಸ್ತ್ರಿ ಎದ್ದು ಹೋಗಿ ಮೂರನೇ ಕುರ್ಚಿ ತಂದ.